ಈ ಸಲ ಬೈಕುಲಾದಲ್ಲಿ ಇಳಿಯೋಣ: ಪ್ರವಾಸ ಸಮಿತಿಗಳಿಗೊಂದು ಬಹಿರಂಗ ಪತ್ರ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ವರ್ಷದ ಪ್ರವಾಸದ ಹೊಣೆ ಹೊತ್ತಿರುವ ಹಿರಿಯರೇ, ಅಣ್ಣ-ಅಕ್ಕಂದಿರೇ,



ಚಳಿ ಶುರುವಾಯಿತೆಂದರೆ ನಿಮಗೆ ಬಿಡುವಿಲ್ಲ. ಬಸ್ಸು ಗೊತ್ತುಮಾಡಬೇಕು, ತಲೆಗೆ ಇಷ್ಟೆಂದು ಹಣ ಕೂಡಿಸಬೇಕು, ಯಾರಿಗೆ ಮುಂದಿನ ಸೀಟು, ಯಾರಿಗೆ ಈರುಳ್ಳಿ ಹಾಕದ ಊಟ ಎಂದು ನೆನಪಿಡಬೇಕು. ಕೊನೆಗೆ ಕರ್ಜತ್‌ನ ಒಂದು ರೆಸಾರ್ಟೋ, ಅಲಿಬಾಗ್‌ನ ಕಡಲ ದಂಡೆಯೋ ನಿಶ್ಚಯವಾಗುತ್ತದೆ. ನಾಲ್ಕು ದಿನ ರಜೆ ಕೂಡಿಬಂದರೆ ಬೆಂಗಳೂರು, ಮೈಸೂರು. ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ನೋಡದೆ ಬರುವುದಿಲ್ಲ. ಗಾಜಿನ ಮನೆಯ ಮುಂದೆ ತೆಗೆದ ಫೋಟೊ ಪ್ರತಿ ಸಂಘದ ಸ್ಮರಣ ಸಂಚಿಕೆಯಲ್ಲೂ ಒಂದಾದರೂ ಇರುತ್ತದೆ.

ಆ ಫೋಟೊಗಳ ಬಗ್ಗೆ ನನಗೆ ತಕರಾರಿಲ್ಲ. ಹೈದರಲಿ 1760ರಲ್ಲಿ ಶುರುಮಾಡಿ, ಟಿಪ್ಪು ಬೆಳೆಸಿ, ಆಮೇಲೆ ಕ್ರುಂಬಿಗಲ್, ಜವರಾಯ, ಮರಿಗೌಡರಂಥವರು ಜೀವ ತೇಯ್ದು ಕಾಪಾಡಿದ ತೋಟ ಅದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯವೇ. ನನ್ನ ಅಹವಾಲು ಬೇರೆ. ನಾವು ದಿನಾ ಹತ್ತಿ ಇಳಿಯುವ ಸೆಂಟ್ರಲ್ ಲೈನಿನಲ್ಲೇ, ಚಿಂಚ್‌ಪೋಕಳಿ ದಾಟಿದ ಕೂಡಲೇ ಬರುವ ಬೈಕುಲಾ ನಿಲ್ದಾಣದ ಪೂರ್ವಕ್ಕೆ, ಅಂಥದೇ ಒಂದು ಮರಗಳ ತೋಟ 1862ರಿಂದ ಬಾಗಿಲು ತೆರೆದು ಕೂತಿದೆ. ಅದು ನಮ್ಮ ಯಾವ ಪ್ರವಾಸದ ಪಟ್ಟಿಯಲ್ಲೂ ಇಲ್ಲ. ಮಕ್ಕಳಿಗೆ ಅದರ ಹೆಸರು ಗೊತ್ತು. ಆದರೆ ಪೆಂಗ್ವಿನ್ ಇರುವ ಜಾಗವೆಂದು ಮಾತ್ರ ಗೊತ್ತು.

ನಾನು ಹೇಳುತ್ತಿರುವುದು ರಾಣಿಬಾಗ್ ಬಗ್ಗೆ. ಈಗಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ; ಹಿಂದಿನದು ವಿಕ್ಟೋರಿಯಾ ಗಾರ್ಡನ್ಸ್. ಅದರ ಕತೆ ಬೈಕುಲಾದಲ್ಲಿ ಶುರುವಾಗುವುದಿಲ್ಲ. ಪಶ್ಚಿಮ ಭಾರತದ ಕೃಷಿ-ತೋಟಗಾರಿಕಾ ಸಂಘದವರು ಮೊದಲು ಗಿಡ ನೆಟ್ಟಿದ್ದು ಶಿವಡಿಯಲ್ಲಿ. ನವಿಮುಂಬಯಿಯವರೇ, ಹಾರ್ಬರ್ ಲೈನಿನಲ್ಲಿ ನೀವು ದಿನಾ ದಾಟುವ ಅದೇ ಶಿವಡಿ. ಆ ಜಾಗ ಮುಂದೆ ಸ್ಮಶಾನವಾಯಿತು, ತೋಟ ಬೈಕುಲಾಕ್ಕೆ ಬಂತು. 1862ರ ನವೆಂಬರ್ 19ರಂದು ಗವರ್ನರ್ ಬಾರ್ಟಲ್ ಫ್ರೆಯರ್ ಅವರ ಹೆಂಡತಿ ಲೇಡಿ ಫ್ರೆಯರ್ ಅದನ್ನು ಜನರಿಗೆ ತೆರೆದರು. ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿ ಆಗ ಒಂಬತ್ತು ವರ್ಷವಾಗಿತ್ತಷ್ಟೆ. ಕಲ್ಯಾಣಕ್ಕೆ ಹಳಿ ಬಂದು ಎಂಟು ವರ್ಷ. ಅಂದರೆ ನಮ್ಮ ಊರುಗಳಿಂದ ಆ ತೋಟಕ್ಕೆ ಹೋಗುವ ದಾರಿ ತೋಟಕ್ಕಿಂತಲೂ ಹಳೆಯದು. 1873ರಿಂದ ಅದು ನಗರಪಾಲಿಕೆಯ ಕೈಯಲ್ಲಿದೆ. ಪ್ರಾಣಿಗಳು ಬಂದದ್ದು ಆಮೇಲೆ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಅದು ಮೊದಲು ಮರಗಳ ತೋಟ. ಪ್ರಾಣಿಸಂಗ್ರಹಾಲಯ ಅಲ್ಲಿಗೆ ಬಂದು ಸೇರಿಕೊಂಡದ್ದು. ಇವತ್ತು ಟಿಕೆಟ್ ಪಡೆದು ಒಳಗೆ ನುಗ್ಗುವ ಭಾನುವಾರದ ಗುಂಪನ್ನು ನೋಡಿದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಐವತ್ತು ಎಕರೆ ಆಸುಪಾಸಿನ ನೆಲ, ಲಾಲ್‌ಬಾಗಿನ ಐದನೇ ಒಂದು ಪಾಲು. ಅಷ್ಟರಲ್ಲೇ ಸುಮಾರು 3,000 ಮರಗಳು, ಇನ್ನೂರಕ್ಕೂ ಹೆಚ್ಚು ಜಾತಿಯವು. ಜನ ಅವುಗಳ ನೆರಳಲ್ಲೇ ನಡೆದು, ಅವುಗಳ ಬುಡದಲ್ಲೇ ಕೂತು ಚಕ್ಕುಲಿ ತಿಂದು, ಒಂದನ್ನೂ ತಲೆಯೆತ್ತಿ ನೋಡದೆ ಮರಳುತ್ತಾರೆ. ಲಾಲ್‌ಬಾಗಿನಲ್ಲಿ ಮರದ ಮುಂದೆ ನಿಂತು ಫಲಕ ಓದುವ ನಾವೇ ರಾಣಿಬಾಗಿನಲ್ಲಿ ಹಾಗೆ ನಿಲ್ಲುವುದಿಲ್ಲ. ಊರಿನ ತೋಟವನ್ನು ನೋಡುವ ಕಣ್ಣು ನಾವಿರುವ ಊರಿನ ತೋಟಕ್ಕೂ ಬೇಕು. ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರುವುದು ಇದೊಂದೇ ಕಾರಣಕ್ಕೆ.

ಅಲ್ಲಿರುವ ಗೋರಖಚಿಂಚ್ ಮರವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನವರು ಬಾವೊಬಾಬ್ ಎನ್ನುವ ಆಫ್ರಿಕದ ಮರ. ನನ್ನ ಅತ್ತೆ ಸವಣೂರಿನ ಕಡೆಯವರು. ಮೊಣಕಾಲು ನೋವೆಂದು ಎಲ್ಲಿಗೂ ಬರಲೊಲ್ಲದವರು ಒಮ್ಮೆ ಮೊಮ್ಮಕ್ಕಳ ಒತ್ತಾಯಕ್ಕೆ ರಾಣಿಬಾಗಿಗೆ ಬಂದರು. ಈ ಮರದ ಮುಂದೆ ನಿಂತವರು, ‘ಇದು ನಮ್ಮ ದೊಡ್ಡ ಹುಣಸೀಮರ ಅಲ್ಲೇನ?’ ಎಂದರು. ಕಾಂಡವನ್ನು ಎರಡೂ ಕೈಯಿಂದ ಮುಟ್ಟಿ ನಮಸ್ಕರಿಸಿದರು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇಂಥ ಮೂರು ಮರಗಳಿವೆ, ಅಲ್ಲಿನ ಮಠಕ್ಕೇ ದೊಡ್ಡಹುಣಸೆ ಮಠವೆಂದು ಹೆಸರು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿದಾಗ ಊರಿಗೆ ಊರೇ ಮರುಗಿತು, ಅದನ್ನು ಮತ್ತೆ ಎತ್ತಿ ನೆಡುವ ಪ್ರಯತ್ನ ನಡೆಯಿತು. ಧಾರವಾಡ, ಹಾವೇರಿ, ಗದಗ, ವಿಜಯಪುರದ ಕಡೆಯಿಂದ ಬಂದು ಕಲ್ಯಾಣ್-ಡೊಂಬಿವಲಿಯಲ್ಲಿ ನೆಲೆನಿಂತ ಎಷ್ಟು ಮನೆಗಳಿವೆ! ಅವರ ಊರಿನ ದೈವದಂಥ ಮರದ ಬಂಧುವೊಂದು ಲೋಕಲ್ ರೈಲಿನ ದೂರದಲ್ಲಿದೆ ಎಂದು ಅವರಿಗೆ ಯಾರಾದರೂ ಹೇಳಬೇಡವೇ?

ಮಕ್ಕಳಿಗೆ ಹೇಳಲಿಕ್ಕಂತೂ ಆ ಮರದಲ್ಲಿ ಬೇಕಾದಷ್ಟಿದೆ. ಅದರ ಕಾಂಡದಲ್ಲಿ ಗಟ್ಟಿ ತಿರುಳಿಲ್ಲ, ಮೆತ್ತನೆಯ ನಾರಿನಂಥ ಮರದಲ್ಲಿ ನೀರು ತುಂಬಿಕೊಂಡಿರುತ್ತದೆ. ಬೇಸಿಗೆಗೆ ಎಲೆಯೆಲ್ಲ ಉದುರಿಸಿ ಆ ನೀರಿನಲ್ಲಿ ಕಾಲ ನೂಕುತ್ತದೆ. ಅಂಗೈಗಿಂತ ದೊಡ್ಡ ಬಿಳಿ ಹೂ ರಾತ್ರಿ ಅರಳುತ್ತದೆ, ಬಾವಲಿಗಳು ಅದಕ್ಕೆ ಬರುತ್ತವೆ. ಇವು ನಮ್ಮ ನಾಡಿಗೆ ಬಂದದ್ದು ಆಫ್ರಿಕದ ಕರಾವಳಿಯೊಡನೆ ವ್ಯಾಪಾರ ಇಟ್ಟುಕೊಂಡಿದ್ದ ಹಡಗುಗಳಲ್ಲಿರಬೇಕೆಂದು ತಿಳಿದವರು ಹೇಳುತ್ತಾರೆ. ಹಾಗಿದ್ದರೆ ಒಂದು ಕಾಯಿಯ ಹಿಂದೆ ಎಷ್ಟು ಬಂದರುಗಳು, ಎಷ್ಟು ಜನರ ಕೈಗಳು!

ನಾಗಲಿಂಗ ಪುಷ್ಪದ ಮರ ನಿಮಗೆಲ್ಲ ಗೊತ್ತು. ಊರಿನ ಶಿವನ ಗುಡಿಯ ಅಂಗಳದಲ್ಲಿ ನೋಡಿದ್ದೀರಿ, ಮರಾಠಿ ನೆರೆಯವರು ಅದನ್ನು ಕೈಲಾಸಪತಿ ಎನ್ನುತ್ತಾರೆ. ರಾಣಿಬಾಗಿನಲ್ಲಿ ಅದರ ಬಿದ್ದ ಹೂವನ್ನು ಮಕ್ಕಳ ಕೈಗೆ ಕೊಟ್ಟು ನೋಡಲು ಹೇಳಿ. ಕೊಂಬೆಯ ತುದಿಯಲ್ಲಲ್ಲ, ಕಾಂಡದ ಮೈಯಿಂದಲೇ ಇಳಿಬಿದ್ದ ಗೊಂಚಲಲ್ಲಿ ಹೂ. ನಡುವೆ ಲಿಂಗ, ಅದರ ಮೇಲೆ ಬಾಗಿದ ಹೆಡೆ. ಇಷ್ಟು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೂ ಸೊಗಸು. ಆ ಹೂವಿನಲ್ಲಿ ಮಕರಂದವಿಲ್ಲ. ಬದಲಿಗೆ ಎರಡು ಬಗೆಯ ಪರಾಗವಿದೆ: ಲಿಂಗದ ಸುತ್ತಿನ ಉಂಗುರದಲ್ಲಿರುವುದು ಬೀಜ ಕಟ್ಟಲಿಕ್ಕೆ, ಹೆಡೆಯಲ್ಲಿರುವುದು ದುಂಬಿಗೆ ತಿನ್ನಲಿಕ್ಕೆ. ದುಂಬಿ ಹೆಡೆಯ ಕೆಳಗೆ ನುಸುಳಿ ತಿನ್ನುತ್ತಿರುವಾಗ ಅದರ ಬೆನ್ನಿಗೆ ಇನ್ನೊಂದು ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹುಟ್ಟಿದ ಈ ಮರ ನಮ್ಮ ಶಿವನಿಗೆ ಇಷ್ಟು ಹತ್ತಿರದ್ದಾದದ್ದು ನನಗೆ ಯಾವಾಗಲೂ ಬೆರಗು. ಒಂದು ಎಚ್ಚರಿಕೆ: ಅದರ ಕಾಯಿ ತೋಪಿನ ಗುಂಡಿನಷ್ಟು ದಪ್ಪ, ಭಾರ. ಕೆಳಗೆ ಚಾಪೆ ಹಾಸಿ ಊಟಕ್ಕೆ ಕೂರಬೇಡಿ.

ಇನ್ನು ಉರ್ವಶಿ. ಇದೊಂದನ್ನು ನೋಡಲಿಕ್ಕಾದರೂ ಜನವರಿ ದಾಟಿದ ಮೇಲೆ, ಹೋಳಿಯ ಒಳಗೆ ನೀವು ಬರಬೇಕು. ಸಸ್ಯಶಾಸ್ತ್ರದವರ ಅಂಹರ್ಸ್ಟಿಯಾ ನೊಬಿಲಿಸ್ ಇದು, ಬರ್ಮಾದ ಮರ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್ ಅದನ್ನು ಅಲ್ಲಿಯ ಬೌದ್ಧ ವಿಹಾರವೊಂದರ ತೋಟದಲ್ಲಿ ಕಂಡು ಹೊರಜಗತ್ತಿಗೆ ಪರಿಚಯಿಸಿದ. ಕಾಡಿನಲ್ಲಿ ಈಗ ಅದು ಬಲು ಅಪರೂಪ. ಬೀಜ ಕಟ್ಟುವುದೂ ಅಪರೂಪ, ಆದ್ದರಿಂದ ಕೊಂಬೆಗೆ ಮಣ್ಣು ಕಟ್ಟಿ ಬೇರು ಬರಿಸಿಯೇ ಹೊಸ ಗಿಡ ಮಾಡಬೇಕು. ಜಗತ್ತಿನ ದೊಡ್ಡ ದೊಡ್ಡ ತೋಟಗಳು ತಮ್ಮಲ್ಲಿ ಒಂದಿದೆ ಎಂದು ಹೆಮ್ಮೆಪಡುವ ಮರ. ಕೆಂಪು-ಹಳದಿಯ ಹೂಗಳ ಉದ್ದನೆಯ ಗೊಂಚಲು ತಲೆಕೆಳಗಾಗಿ ತೂಗುತ್ತದೆ, ದೇವರ ಮುಂದಿನ ತೂಗುದೀಪದ ಹಾಗೆ. ಹೂ ಸಿಗದಿದ್ದರೆ ಚಿಗುರನ್ನಾದರೂ ನೋಡಿ. ಹೊಸ ಎಲೆಗಳು ಹಸಿರಾಗಿ ಹುಟ್ಟುವುದಿಲ್ಲ. ಕಂದುಗೆಂಪು ಬಣ್ಣದಲ್ಲಿ, ಬಾಡಿದಂತೆ ಜೋತುಬಿದ್ದಿರುತ್ತವೆ. ಮಕ್ಕಳು ‘ಪಾಪ, ನೀರಿಲ್ಲ’ ಎನ್ನುತ್ತಾರೆ. ಕೆಲವು ದಿನಗಳಲ್ಲಿ ಅವು ಬಿಗಿದು, ಹಸಿರಾಗಿ ನೆಟ್ಟಗಾಗುತ್ತವೆ. ಎಲೆ ಬಲಿತು ಗಟ್ಟಿಯಾಗುವವರೆಗೆ ಹುಳುಗಳಿಗೆ ರುಚಿಸುವ ಹಸಿರನ್ನು ಅದಕ್ಕೆ ತುಂಬದಿರುವುದು ಮರದ ಉಪಾಯವೆಂದು ಸಸ್ಯಶಾಸ್ತ್ರಜ್ಞರ ವಿವರಣೆ. ಸೀತಾ ಅಶೋಕದ ಚಿಗುರೂ ಹೀಗೆಯೇ. ಅದೂ ಈ ತೋಟದಲ್ಲಿದೆ. ನಮ್ಮ ಸೊಸೈಟಿಗಳ ಗೇಟಿನ ಪಕ್ಕ ಸಾಲಾಗಿ ನಿಂತ ಉದ್ದನೆಯ ಮರವನ್ನೇ ಸೀತೆಯ ಅಶೋಕವೆಂದು ನಂಬಿ ಬೆಳೆದ ಮಕ್ಕಳು ನಿಜವಾದದ್ದನ್ನು ಒಮ್ಮೆ ಮುಟ್ಟಿ ನೋಡಲಿ.

ಬೈಕುಲಾಕ್ಕೆ ಬಂದವರು ತೋಟದ ಮಗ್ಗುಲಿನ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವನ್ನೂ ನೋಡದೆ ಹೋಗಬಾರದು. ಭಾವು ದಾಜಿ ಯಾರೆಂದು ಕೇಳಬೇಡಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು, ಉಪನ್ಯಾಸ ಕೇಳಲು ಹೋಗುವ ನಾವು ನಡೆಯುವುದು ಭಾವುದಾಜಿ ರಸ್ತೆಯಲ್ಲೇ. ವೈದ್ಯ, ಶಾಸನ ಓದಬಲ್ಲ ವಿದ್ವಾಂಸ. ಈ ಸಂಗ್ರಹಾಲಯಕ್ಕಾಗಿ ಓಡಾಡಿದ ಊರಿನ ಹಿರಿಯರಲ್ಲಿ ಅವರೊಬ್ಬರು. ಈಗಿನ ಕಟ್ಟಡ 1872ರಲ್ಲಿ ತೆರೆಯಿತು, 1975ರಲ್ಲಿ ಅವರ ಹೆಸರು ಬಂತು. ಅದರ ಹೊರಗೆ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಆನೆ ಇದೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು ಚೂರಾಗಿ ಬಿತ್ತು. ಚೂರುಗಳನ್ನು 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಪಶ್ಚಿಮ ಕಡಲಿನ ಪುರಿಯನ್ನು ಇಮ್ಮಡಿ ಪುಲಕೇಶಿ ಹಡಗುಪಡೆಯಿಂದ ಗೆದ್ದನೆಂದು ರವಿಕೀರ್ತಿ ಐಹೊಳೆಯ 634ರ ಶಾಸನದಲ್ಲಿ ಬರೆದಿದ್ದಾನಲ್ಲ, ಆ ಪುರಿ ಈ ಘಾರಾಪುರಿಯೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ರಾಜ್ಯೋತ್ಸವದ ದಿನ ಪುಲಕೇಶಿಯ ಮೇಲೆ ಭಾಷಣ ಕೇಳುವ ನಮ್ಮ ಮಕ್ಕಳು ಆ ಆನೆಯ ಎದುರು ಒಂದು ಗಳಿಗೆ ನಿಂತರೆ ಭಾಷಣಕ್ಕಿಂತ ಹೆಚ್ಚು ತಿಳಿದೀತು.

ಪೆಂಗ್ವಿನ್‌ಗಳ ವಿಷಯಕ್ಕೆ ಬರುತ್ತೇನೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಹಂಬೋಲ್ಟ್ ಜಾತಿಯ ಎಂಟು ಪೆಂಗ್ವಿನ್‌ಗಳನ್ನು 2016ರಲ್ಲಿ ಸೋಲ್‌ನಿಂದ ತಂದರು, ಕೆಲವೇ ತಿಂಗಳಲ್ಲಿ ಒಂದು ಸತ್ತಿತು, 2017ರಲ್ಲಿ ಉಳಿದವನ್ನು ಜನರಿಗೆ ತೋರಿಸಲು ತೊಡಗಿದರು. ಅದೇ ವರ್ಷ ದೊಡ್ಡವರ ಟಿಕೆಟ್ 5 ರೂಪಾಯಿಯಿಂದ 50ಕ್ಕೆ ಏರಿತು. ಪೆರು, ಚಿಲಿಯ ಕಡಲ ದಂಡೆಯ ಹಕ್ಕಿಗಳು ಮುಂಬಯಿಯ ಸೆಕೆಯಲ್ಲಿ ಬದುಕಲು ಹಗಲೂ ರಾತ್ರಿ ತಂಪು ಯಂತ್ರ ಓಡಬೇಕು. ಅದು ಸರಿಯೇ ಎಂಬುದನ್ನು ಮಕ್ಕಳೊಡನೆ ಅಲ್ಲೇ ನಿಂತು ಮಾತಾಡಿ. ಅವರು ನಮಗಿಂತ ನೇರವಾಗಿ ಯೋಚಿಸುತ್ತಾರೆ. ನನ್ನ ಚಿಂತೆ ನೆಲದ್ದು. ಪ್ರಾಣಿಗಳ ಹೊಸ ಮನೆಗಳು, ಅವುಗಳ ಗಾಜಿನ ಗೋಡೆಗಳು, ನೋಡುವವರಿಗೆ ಕಾಂಕ್ರೀಟಿನ ಹಾದಿ ಬೆಳೆದಷ್ಟೂ ಬೇರುಗಳ ಜಾಗ ಕಿರಿದಾಗುತ್ತದೆ. ಮರವನ್ನು ಕಡಿಯದೆಯೂ ಕೊಲ್ಲಬಹುದು. ಬುಡದ ಸುತ್ತ ಗಾರೆ ಹಾಕಿ ಮಳೆನೀರು ಇಳಿಯದಂತೆ ಮಾಡಿದರೆ ಸಾಕು, ನಿಧಾನವಾಗಿ ಒಣಗುತ್ತದೆ. ನಮ್ಮ ಸೊಸೈಟಿಗಳ ಅಂಗಳದಲ್ಲಿ ಪೇವರ್ ಬ್ಲಾಕು ಕೂರಿಸುವವರು ದಿನಾ ಮಾಡುತ್ತಿರುವುದೂ ಇದನ್ನೇ.

2007ರಲ್ಲಿ ಈ ತೋಟಕ್ಕೆ ದೊಡ್ಡ ಗಂಡಾಂತರ ಬಂದಿತ್ತು. ಅದನ್ನು ಅಂತರರಾಷ್ಟ್ರೀಯ ಮಟ್ಟದ ಪ್ರಾಣಿಸಂಗ್ರಹಾಲಯ ಮಾಡುವ, ನಾನೂರು ಕೋಟಿ ರೂಪಾಯಿಗೂ ಮೀರಿದ ಯೋಜನೆ ಸಿದ್ಧವಾಯಿತು. ಆಗ ಎದ್ದು ನಿಂತವರು ಮರಗಳನ್ನು ಹತ್ತಿರದಿಂದ ಬಲ್ಲ ಕೆಲವು ಹೆಂಗಸರು. ‘ಸೇವ್ ರಾಣಿಬಾಗ್’ ಎಂದು ಸಮಿತಿ ಕಟ್ಟಿದರು. ಘೋಷಣೆ ಕೂಗುವುದಕ್ಕಿಂತ ಅವರು ಹೆಚ್ಚು ಮಾಡಿದ್ದು ಜನರನ್ನು ಕರೆದು ಮರ ತೋರಿಸುವ ಕೆಲಸ. ಯಾವ ಮರ ಎಲ್ಲಿದೆ, ಅದು ಏಕೆ ಅಪರೂಪ, ಅದು ಹೋದರೆ ಊರು ಕಳೆದುಕೊಳ್ಳುವುದೇನು ಎಂದು ಒಂದೊಂದಾಗಿ ದಾಖಲೆ ಇಟ್ಟರು, ಅರ್ಜಿ ಬರೆದರು, ಪಾರಂಪರಿಕ ಸಂರಕ್ಷಣಾ ಸಮಿತಿಯ ಮುಂದೆ ವಾದಿಸಿದರು. ಆ ಯೋಜನೆ ಮೂಲರೂಪದಲ್ಲಿ ಮುಂದೆ ಹೋಗಲಿಲ್ಲ. ತೋಟಕ್ಕೆ 150 ತುಂಬಿದಾಗ ಅವರದೇ ಪುಸ್ತಕವೂ ಬಂತು. ನಾವು ಆ ಹೆಂಗಸರಿಗೆ ಋಣಿಗಳು. ನಾಳೆ ಮತ್ತೊಂದು ಯೋಜನೆ ಬಂದಾಗ ಡೊಂಬಿವಲಿಯಿಂದ, ಐರೋಲಿಯಿಂದ ಎಷ್ಟು ಜನ ಕಾಗದ ಬರೆಯುತ್ತೇವೆ? ನೋಡದ ಮರಕ್ಕಾಗಿ ಯಾರೂ ಕಾಗದ ಬರೆಯುವುದಿಲ್ಲ. ಅದಕ್ಕೇ ನೋಡಲು ಕರೆದುಕೊಂಡು ಹೋಗಿ ಎಂದು ಬೇಡುತ್ತಿದ್ದೇನೆ.

ನಮ್ಮೂರಿನವರಿಗೆ ಇದು ಉಳಿದವರಿಗಿಂತ ಹೆಚ್ಚು ಬೇಕು. ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಮಳೆ ಬಿತ್ತೆಂದು ದೇಶದ ಪತ್ರಿಕೆಗಳೆಲ್ಲ ಬರೆದವು. 2020ರಲ್ಲಿ ಎಂಐಡಿಸಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕಾರ್ಖಾನೆಯ ಬಣ್ಣಗಳನ್ನು ಮಳೆಯಲ್ಲಿ, ನೆಲದಲ್ಲಿ ಕಂಡ ಊರಿನ ಮಕ್ಕಳು ಉರ್ವಶಿಯ ಹೂವಿನ ಬಣ್ಣವನ್ನೂ ಕಾಣಬೇಕು. ಹೊಗೆ ನುಂಗಿ, ಹಳಿಯ ಶಬ್ದ ಕೇಳಿ, ಒಂದು ಶತಮಾನಕ್ಕೂ ಮೀರಿ ಮುಂಬಯಿಯಲ್ಲಿ ನಿಂತ ಮರ ಹೇಗಿರುತ್ತದೆಂದು ಅವರಿಗೆ ಗೊತ್ತಾಗಬೇಕು.

ನಮ್ಮ ಹಿರಿಯರಿಗೆ ಆ ತೋಟ ಗೊತ್ತಿತ್ತು. ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ತಲೆಮಾರಿಗೆ ಖರ್ಚಿಲ್ಲದೆ ಒಂದು ಮಧ್ಯಾಹ್ನ ಕಳೆಯುವ ಜಾಗಗಳೆಂದರೆ ಚೌಪಾಟಿ ಮತ್ತು ರಾಣಿಬಾಗ್. ಅವರಲ್ಲಿ ಅನೇಕರು ಈಗ ಡೊಂಬಿವಲಿಯ, ಥಾಣೆಯ ಮನೆಗಳಲ್ಲಿ ಎಂಬತ್ತು ದಾಟಿದ ಅಜ್ಜಂದಿರು. ಬಸ್ಸಿನಲ್ಲಿ ಅವರಿಗೆ ಮೊದಲ ಜಾಗ ಕೊಡಿ, ಮರಗಳ ನಡುವೆ ಮಾತಾಡಲು ಬಿಡಿ.

ಇಷ್ಟು ಓದಿ ಮನಸ್ಸು ಮಾಡಿದವರಿಗೆ ಕೆಲವು ಸೂಚನೆಗಳು. ಬುಧವಾರ ತೋಟಕ್ಕೆ ರಜೆ. ಭಾನುವಾರ ಮೆಗಾಬ್ಲಾಕ್ ಇರುತ್ತದೆ, ಪೆಂಗ್ವಿನ್ ನೋಡುವವರ ನೂಕುನುಗ್ಗಲೂ ಇರುತ್ತದೆ. ಶನಿವಾರ ಬೆಳಗ್ಗೆ ಹೋಗುವುದು ಮೇಲು. ಕಲ್ಯಾಣ್, ಡೊಂಬಿವಲಿ, ಥಾಣೆಯವರು ಸ್ಲೋ ಲೋಕಲ್ ಹಿಡಿದರೆ ನೇರ ಬೈಕುಲಾ. ನವಿಮುಂಬಯಿಯವರು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ನಡೆಯಲಾಗದ ಹಿರಿಯರಿಗಷ್ಟೇ ಒಂದು ಬಸ್ಸು ಸಾಕು. ಇಳಿದ ಮೇಲೆ ಬೈಕುಲಾ ನಿಲ್ದಾಣವನ್ನೂ ಸ್ವಲ್ಪ ನೋಡಿ. ದೇಶದ ಅತಿ ಹಳೆಯ ರೈಲು ನಿಲ್ದಾಣಗಳಲ್ಲಿ ಅದೊಂದು, ಜೀರ್ಣೋದ್ಧಾರ ಚೆನ್ನಾಗಿ ಆಗಿದೆಯೆಂದು 2022ರಲ್ಲಿ ಯುನೆಸ್ಕೋದ ಮನ್ನಣೆ ಪಡೆದಿದೆ. ಒಬ್ಬ ಸಸ್ಯಶಾಸ್ತ್ರದ ಅಧ್ಯಾಪಕರನ್ನು ಜೊತೆಗೆ ಕರೆದುಕೊಳ್ಳಿ, ನಮ್ಮ ಸಂಘಗಳಲ್ಲೇ ನಿವೃತ್ತರು ಸಿಗುತ್ತಾರೆ. ಮೂವತ್ತು ಮರ ತೋರಿಸುವ ಹಟ ಬೇಡ. ಐದು ಮರಗಳ ಮುಂದೆ ಒಂದೊಂದು ಗಂಟೆ ಕೂತರೂ ಆದೀತು. ಮಕ್ಕಳು ಬಿದ್ದ ಎಲೆ, ಹೂ ಆರಿಸಿಕೊಳ್ಳಲಿ, ಗಿಡದಿಂದ ಕೀಳುವುದು ಬೇಡ.

ಇನ್ನೊಂದು ಬೇಡಿಕೆ, ಪ್ರವಾಸ ಮುಗಿದ ಮೇಲಿನದು. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಾಯಲು 1975ರ ಕಾಯ್ದೆ ಇದೆ. 2021ರ ತಿದ್ದುಪಡಿಯಿಂದ 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ಮರಗಳೆಂದು ಗುರುತಿಸಲು ಅವಕಾಶವಾಗಿದೆ. ಇದು ಮುಂಬಯಿಗೆ ಮಾತ್ರವಲ್ಲ, ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳಿಗೂ ಅನ್ವಯಿಸುತ್ತದೆ. ರಾಣಿಬಾಗಿನಲ್ಲಿ ಕಣ್ಣು ಪಳಗಿದ ಮಕ್ಕಳನ್ನು ಗುಂಪುಮಾಡಿ ನಮ್ಮ ನಮ್ಮ ವಾರ್ಡುಗಳಲ್ಲಿ ಹಳೆಯ ಮರ ಹುಡುಕಲು ಕಳಿಸಿ. ಥಾಣೆಯ ಕೆರೆಗಳ ದಂಡೆಯಲ್ಲಿ, ಕಲ್ಯಾಣದ ಹಳೆಯ ಪೇಟೆಯಲ್ಲಿ, ಡೊಂಬಿವಲಿಯಲ್ಲಿ ಉಳಿದಿರುವ ವಾಡೆಗಳ ಹಿತ್ತಲಿನಲ್ಲಿ, ನವಿಮುಂಬಯಿಯ ಕೋಳಿ-ಆಗ್ರಿ ಜನರ ಊರುಗಳ ಗುಡಿಗಳ ಮುಂದೆ ಆಲ, ಅರಳಿ, ಮಾವು, ಹುಣಸೆ ಇನ್ನೂ ನಿಂತಿವೆ. ಸುತ್ತಳತೆ ತೆಗೆದು, ಅಕ್ಕಪಕ್ಕದ ವಯಸ್ಸಾದವರಿಂದ ಮರದ ಕಾಲ ಕೇಳಿ, ಚಿತ್ರದೊಡನೆ ಪಟ್ಟಿ ಬರೆದು ಪಾಲಿಕೆಯ ವೃಕ್ಷ ಪ್ರಾಧಿಕಾರಕ್ಕೆ ಸಂಘದ ಹೆಸರಿನಲ್ಲೇ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ರಸ್ತೆ ಅಗಲಿಸುವವರು ಬಂದ ದಿನ ಆ ಕಾಗದ ಬೇಕಾಗುತ್ತದೆ.

ಪ್ರವಾಸದ ಸಭೆ ಕರೆದಾಗ ಈ ಪತ್ರವನ್ನು ಓದಿ ಹೇಳಿ. ರೆಸಾರ್ಟು ಬೇಕೆನ್ನುವವರು ಹೆಚ್ಚಿದ್ದರೆ ಅವರಿಗೆ ಬೇಸರ ಮಾಡಬೇಡಿ. ಬರುತ್ತೇನೆನ್ನುವ ಹತ್ತು ಮನೆಗಳಿದ್ದರೂ ಪ್ರತ್ಯೇಕ ಪಟ್ಟಿ ಮಾಡಿ. ಫೆಬ್ರವರಿಯ ಯಾವುದಾದರೂ ಶನಿವಾರ ಇಟ್ಟುಕೊಳ್ಳಿ, ಉರ್ವಶಿ ಹೂಬಿಡುವ ಕಾಲ ಅದು. ಊಟದ ಡಬ್ಬಿ, ನೀರು, ಮಕ್ಕಳಿಗೊಂದು ವಹಿ ಸಾಕು. ಅಜ್ಜಂದಿರ ಬಸ್ಸಿನ ಖರ್ಚಿಗೆ ನನ್ನ ಪಾಲಿನ ಹಣವನ್ನು ಸಭೆಯ ದಿನವೇ ಖಜಾಂಚಿಗಳ ಕೈಗೆ ಕೊಡುತ್ತೇನೆ.

ಇತಿ ನಿಮ್ಮ,
ಡೊಂಬಿವಲಿ ಪೂರ್ವದ ಒಬ್ಬ ಸದಸ್ಯೆ